ಒಗೆದ ಅಂಗಿ

"ಲೇ ಬೋಳಿಮಗನೆ, ಇದು ಗೆರೇನೋ, ಹಾವು ಹೋದ ದಾರಿನೋ?"

ಮುಖ್ಯಪೇದೆ ಪ್ಯಾಂಟನ್ನು ಇಸ್ತ್ರಿಯವನ ಮುಖಕ್ಕೆ ಎಸೆದ. ಇಸ್ತ್ರಿಯವ ಅದು ನೆಲಕ್ಕೆ ಬೀಳದ ಹಾಗೆ ಹಿಡಿದು ಹಲ್ಲು ಕಿರಿದ. ಠಾಣೆಯ ಖಾಕಿಗೆಲ್ಲ ಬಿಟ್ಟಿಯಾಗಿ ಗೆರೆ ಹಾಕಿಕೊಡುವುದು ಅವನಿಗೆ ಅಪ್ಪನಿಂದ ಬಂದ ಆಸ್ತಿ. ಬೇರೆ ಆಸ್ತಿ ಇಲ್ಲದ್ದರಿಂದ ಅದನ್ನೇ ಜೋಪಾನ ಮಾಡಿಕೊಂಡು ಬಂದಿದ್ದ. "ಇನ್ಸ್‌ಪೆಕ್ಟರು ನನ್ನ ಗೆರೆ ಇಲ್ದೆ ಹೊರಗೆ ಕಾಲಿಡಲ್ಲ" ಎಂದು ಬೀದಿಯಲ್ಲೆಲ್ಲ ಕೊಚ್ಚಿಕೊಂಡದ್ದೂ ಉಂಟು. ಆ ಗೆರೆಯ ಪ್ಯಾಂಟು ತೊಟ್ಟ ಕಾಲೇ ಮೊನ್ನೆ ಅವನ ಮಗನ ಬೆನ್ನು ತುಳಿದಿತ್ತು.

ಮಗನನ್ನು ಹಿಡಿದದ್ದು ಯಾರದೋ ಮನೆಯ ನೀರಿನ ಮೋಟಾರು ಕಳುವಾಯಿತೆಂದು. ಮೋಟಾರು ಆ ಮನೆಯವರ ಭಾವಮೈದುನನ ಹತ್ತಿರವೇ ಸಿಕ್ಕಿತು. ಸರಿ, ಮಗನನ್ನು ಬಿಟ್ಟರು. ನಡೆದು ಹೋದವನು ಇಬ್ಬರ ಹೆಗಲ ಮೇಲೆ ವಾಪಸು ಬಂದ.

"ನಾಳೆ ಬೆಳಿಗ್ಗೆ ಮೇಲಿನ ಸಾಹೇಬ್ರು ಬರ್ತಾರೆ. ಯಾವನೋ ಮುಂಡೇಮಗ ಅರ್ಜಿ ಹಾಕಿದಾನೆ," ಎಂದ ಮುಖ್ಯಪೇದೆ. "ಕೇಳಿದ್ರೆ ಬಚ್ಚಲಲ್ಲಿ ಜಾರಿ ಬಿದ್ದ ಅನ್ನು."

"ಸ್ವಾಮಿ, ನಮ್ಮನೇಲಿ ಬಚ್ಚಲಿಲ್ಲ."

"ಎದುರು ಮಾತಾಡ್ತೀಯೇನೋ ಸೂಳೆಮಗನೆ? ಇಲ್ದಿದ್ರೆ ಕಟ್ಟಿಸ್ಕೋ!"

"ಬಿದ್ದ ಸ್ವಾಮಿ, ಬಚ್ಚಲಲ್ಲೇ ಬಿದ್ದ," ಎಂದ ಇಸ್ತ್ರಿಯವ, ಕಟ್ಟಿಸುವ ಖರ್ಚು ಉಳಿಯಿತು ಎನ್ನುವ ಹಾಗೆ.

ಸಂಜೆ ಮಗಳು ಕೆಲಸದಿಂದ ಬಂದಳು. ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಗೆಯುವವಳು ಅವಳು. ಇದ್ದ ಒಂದೇ ಕೋಣೆಯಲ್ಲಿ ತಮ್ಮ ಬೋರಲು ಮಲಗಿದ್ದ. ಅಂಗಾತ ಮಲಗಲು ಆಗುತ್ತಿರಲಿಲ್ಲ.

"ಅವ್ವಾ, ಅವತ್ತು ಇವನು ಹಾಕ್ಕೊಂಡಿದ್ದ ಅಂಗಿ ಎಲ್ಲಿ? ರಕ್ತ ಇತ್ತು, ಬೂಟಿನ ಗುರುತು ಇತ್ತು. ಪೊಲೀಸ್ ಕೇಸಿನ ಬಟ್ಟೆ ಬಂದ್ರೆ ಆಸ್ಪತ್ರೇಲಿ ನಮ್ಮನ್ನ ಮುಟ್ಟೋಕೂ ಬಿಡಲ್ಲ, ಅದೇ ಸಾಕ್ಷಿ ಅಂತಾರೆ. ಸಾಹೇಬ್ರಿಗೆ ತೋರ್ಸೋಣ."

ಅವ್ವ ಗೋಡೆ ನೋಡಿದಳು. "ಒಗೆದೆ ಕಣೆ."

"ಒಗೆದ್ಯಾ?"

"ರಕ್ತ ಒಣಗೋಕೆ ಮುಂಚೆ ತಣ್ಣೀರಿಗೆ ಹಾಕ್ಬೇಕಲ್ಲ. ಕೈ ಸುಮ್ನಿರ್ಲಿಲ್ಲ."

"ಒಂಚೂರಾದ್ರೂ ಕಲೆ ಉಳಿದಿರ್ಬೇಕಲ್ಲ?"

"ಉಳಿಯೋದಾ? ನಾನು ಒಗೆದ ಮೇಲೂ?" ಎಂದು ಅವ್ವನಿಗೆ ಸಿಟ್ಟೇ ಬಂತು.

ಮಗಳು ಅಪ್ಪನ ಕಡೆ ತಿರುಗಿದಳು. ಅಪ್ಪ ತಲೆ ಕೆರೆದುಕೊಂಡ. "ನಾನು ಇಸ್ತ್ರಿನೂ ಮಾಡ್ಬಿಟ್ಟೆ ಮಗಾ."

ಅಂಗಿ ಗೂಟದಲ್ಲಿ ಮದುವೆಗೆ ಹೊರಟಂತೆ ನೇತಾಡುತ್ತಿತ್ತು. ಸಾಕ್ಷಿ ಅಳಿಸಬೇಕಾದರೆ ಪೊಲೀಸರು ಪಾಪ ಎಷ್ಟು ಕಷ್ಟಪಡಬೇಕು! ಹೆದರಿಸಬೇಕು, ಸುಡಬೇಕು, ಹೂಳಬೇಕು. ಇವರೋ ಕೇಳುವ ಮೊದಲೇ ಪುಕ್ಕಟೆ ಮಾಡಿಕೊಟ್ಟಿದ್ದರು, ಅದೂ ತೋಳಿಗೆ ಗೆರೆ ಸಮೇತ. ಇಸ್ತ್ರಿಯವನಿಗೆ ನಗು ಬಂತು. ನಕ್ಕು ನಕ್ಕು ಕೊನೆಗೆ ಅಳು ಬಂತು. ಹೆಂಡತಿ ಅವನ ಬೆನ್ನು ಸವರಿದಳು.

"ಹೋಗ್ಲಿ, ಇವನ ಬೆನ್ನೊಂದು ಒಗೆದಿಲ್ವಲ್ಲ," ಎಂದಳು ಮಗಳು. "ಅದನ್ನೇ ತೋರ್ಸೋಣ."

"ತೋರ್ಸಿ?" ಎಂದ ಅಪ್ಪ. "ಸಾಹೇಬ್ರು ಬಂದ ಜೀಪಲ್ಲೇ ಹೋಗ್ತಾರೆ. ಈ ಠಾಣೆಯವರು ಇಲ್ಲೇ ಇರ್ತಾರೆ. ಹೋಗೋ ಮಾರಿನ ಯಾಕೆ ಮನೆಗೆ ಕರೀತೀಯ? ನಾಳೆ ಇಸ್ತ್ರಿ ಗಾಡಿ ಎತ್ತಿ ಬಿಸಾಕಿದ್ರೆ ಹೊಟ್ಟೆಗೇನು ತಿಂತೀಯ?"

"ಇಷ್ಟು ವರ್ಷ ಅವರ ಪ್ಯಾಂಟಿಗೆ ಗೆರೆ ಹಾಕಿದ್ದಕ್ಕೆ ಏನ್ ಕೊಟ್ರಪ್ಪಾ? ನಿನ್ ಮಗನ ಬೆನ್ನಿಗೆ ಗೆರೆ ಹಾಕಿ ಕಳಿಸಿದ್ರು."

ಅಷ್ಟರಲ್ಲಿ ಮಗ ದಿಂಬಿನಿಂದ ಮುಖ ಎತ್ತಿದ.

"ಅಪ್ಪಾ, ಅಲ್ಲಿ ನಾನಂದೆ, ನಾನು ಇಸ್ತ್ರಿಯವನ ಮಗ, ನಿಮ್ಮ ಬಟ್ಟೆ ಎಲ್ಲ ನಮ್ಮಪ್ಪನೇ ಮಾಡೋದು ಅಂತ. ಆಮೇಲೆ ಜಾಸ್ತಿ ಹೊಡೆದ್ರು. ನಕ್ಕೊಂಡು ಹೊಡೆದ್ರು."

ಹೇಳುವುದೋ ಬಿಡುವುದೋ ತೀರ್ಮಾನವಾಗಲಿಲ್ಲ. ಅವ್ವ ದೀಪ ಆರಿಸಿದಳು, ಸಭೆ ಮುಗಿಯಿತು.

ಬೆಳಿಗ್ಗೆ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತರು. ಪಕ್ಕದಲ್ಲಿ ಇನ್ಸ್‌ಪೆಕ್ಟರು, ಹಿಂದೆ ಮುಖ್ಯಪೇದೆ. ಇಸ್ತ್ರಿಯವನ ಕಣ್ಣು ಮೊದಲು ಹೋದದ್ದು ಇನ್ಸ್‌ಪೆಕ್ಟರ ಪ್ಯಾಂಟಿನ ಗೆರೆಗೆ. ಎಲ್ಲೂ ಸೊಟ್ಟ ಇರಲಿಲ್ಲ. ಹಾಳು ಎದೆ ಒಂದು ಗಳಿಗೆ ಉಬ್ಬಿತು. ಆಮೇಲೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳುವಷ್ಟು ನಾಚಿಕೆಯಾಯಿತು.

"ಹುಡುಗ ಬಚ್ಚಲಲ್ಲಿ ಬಿದ್ನಂತೆ?" ಸಾಹೇಬರ ಪೆನ್ನು ಆಗಲೇ ಅರ್ಧ ಬರೆದಿತ್ತು.

"ಹೌದು ಸ್ವಾಮಿ, ಬಿದ್ದ," ಎಂದಿತು ಇಸ್ತ್ರಿಯವನ ನಾಲಿಗೆ. ಮಗಳು ಮುಖ ತಿರುಗಿಸಿದಳು.

"ಬಚ್ಚಲೆಲ್ಲಿ?"

"ನಮ್ಮನೇಲಿಲ್ಲ ಸ್ವಾಮಿ."

"ಮತ್ತೆಲ್ಲಿ ಬಿದ್ದ?"

ಪಕ್ಕದ ಮನೆಯಲ್ಲಿ ಎನ್ನಬಹುದಿತ್ತು, ಬೀದಿ ನಲ್ಲಿಯ ಹತ್ತಿರ ಎನ್ನಬಹುದಿತ್ತು. ಸುಳ್ಳಿಗೇನು ಬರ? ಆದರೆ ಮಗ ಬೋರಲು ಮಲಗಿದ್ದಲ್ಲಿಂದಲೇ ಅವನನ್ನು ನೋಡುತ್ತಿದ್ದ.

"ಠಾಣೇಲಿ ಬಿದ್ದ ಸ್ವಾಮಿ. ಇವರ ಲಾಠಿ ಮೇಲೆ ಬಿದ್ದ. ಒಂದ್ಸಲ ಬಿದ್ದು ಸುಮ್ನಿರ್ಬಾರ್ದಾ? ದಡ್ಡ ನನ್ಮಗ, ಮತ್ತೆ ಮತ್ತೆ ಅದರ ಮೇಲೇ ಬಿದ್ದ. ಈ ಇನ್ಸ್‌ಪೆಕ್ಟರ್ ಸಾಹೇಬ್ರ ಬೂಟಿಗೂ ಹೋಗಿ ಬೆನ್ನು ಕೊಟ್ಟ."

ಮಗಳು ತಮ್ಮನ ಬೆನ್ನ ಮೇಲಿನ ಬಟ್ಟೆ ಎತ್ತಿದಳು. ಸಾಹೇಬರ ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. ಏನೋ ಗೀಚಿ, "ಆಯ್ತು, ನೋಡೋಣ," ಎಂದು ಪೆನ್ನು ಜೇಬಿಗೆ ಸಿಕ್ಕಿಸಿ ಜೀಪಿನ ಕಡೆ ನಡೆದರು.

ಇನ್ಸ್‌ಪೆಕ್ಟರು ಹಿಂದೆ ಉಳಿದು ಇಸ್ತ್ರಿಯವನ ಹೆಗಲ ಮೇಲೆ ಗೆಳೆಯನ ಹಾಗೆ ಕೈ ಹಾಕಿದರು. "ನಾಳೆ ನಿನ್ ಗಾಡಿ ಇರಲ್ಲ. ನಾಳಿದ್ದು ನೀನೂ ಇರಲ್ಲ ಕಣೋ."

ಇಸ್ತ್ರಿಯವನಿಗೆ ಓಡಿಹೋಗಬೇಕು ಅನ್ನಿಸಿತು. ಓಡಿದ ಕೂಡ, ಆದರೆ ಕಾಲು ಅವನನ್ನು ಜೀಪಿನ ಮುಂದಕ್ಕೆ ತಂದು ನಿಲ್ಲಿಸಿತು.

"ಸ್ವಾಮಿ, ಇನ್ನೊಂದು ಬರ್ಕೊಳ್ಳಿ! ಈಗ ಇವರು ನನ್ ಕಿವೀಲಿ ಒಂದು ಮಾತು ಹೇಳಿದ್ರು."

ಸಾಹೇಬರು ಒಳಗಿನಿಂದ ದಾರಿ ಬಿಡುವಂತೆ ಕೈ ಬೀಸಿದರು. ಡ್ರೈವರು ಹಾರನ್ನು ಒತ್ತಿ ಹಿಡಿದ. ಮುಖ್ಯಪೇದೆ ಲಾಠಿ ಹಿಡಿದು ಓಡಿ ಬರುತ್ತಿದ್ದ. ಅವನಿಗಿಂತ ಮುಂಚೆ ಅವ್ವ ಬಂದಳು, ಮಗಳೂ ಬಂದಳು, ಇಬ್ಬರೂ ಇಸ್ತ್ರಿಯವನ ಪಕ್ಕದಲ್ಲಿ ನಿಂತರು.

"ಪೆನ್ನು ತೆಗೀರಿ ಸ್ವಾಮಿ," ಎಂದ ಇಸ್ತ್ರಿಯವ.

ಸಾಹೇಬರ ಕೈ ಇನ್ನೂ ಜೇಬಿಗೆ ಹೋಗಿರಲಿಲ್ಲ.