ಸೊಂಟ ದಾಟದ ಗಿಡ

ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಮನೆಗಳಿಗೆ ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಒಂದು ಗೇಣು ಮಣ್ಣು, ಅದರ ಕೆಳಗೆ ಬಂಡೆ. ಎಪ್ಪತ್ತಮೂರರಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ ಗಂಗಣ್ಣ ಬೆಂಗಳೂರಿನಿಂದ ಒಂದು ಕುಳ್ಳ ತೂಜಾ ಗಿಡ ತಂದ. ಕೈಮುಗಿದಂಥ ಎಲೆಗಳು, ಹೊಂಬಣ್ಣ. ಎಷ್ಟು ವರ್ಷವಾದರೂ ಸೊಂಟ ದಾಟುವುದಿಲ್ಲ, ಸಣ್ಣ ಹಿತ್ತಲಿಗೆ ಹೇಳಿ ಮಾಡಿಸಿದ ತಳಿ ಎಂದು ಮಾರಿದವರು ಹೇಳಿದ್ದರು. ಹಾರೆ ಎಲ್ಲಿ ಹಾಕಿದರೂ ಠಣ್ಣೆಂದಿತು. ಒಂದು ಮೂಲೆಯಲ್ಲಿ ಮಾತ್ರ ಮಣ್ಣು ಮೆತ್ತಗಿತ್ತು. ಅಲ್ಲೇ ನೆಟ್ಟ.

ಆಗ ಮಗಳು ಹನುಮಿಗೆ ಎರಡು ವರ್ಷ. ಗಂಗಣ್ಣನ ಹೆಂಡತಿ ಅಶ್ವತ್ಥಮ್ಮ ಪ್ರತಿ ಯುಗಾದಿಗೂ ಮಗುವನ್ನು ಬಾಗಿಲಿಗೆ ಒರಗಿಸಿ, ನೆತ್ತಿಯ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆಯುತ್ತಿದ್ದಳು. ಮೂರು ಯುಗಾದಿ ಗೆರೆಯ ಮೇಲೇ ಗೆರೆ ಬಿತ್ತು. ಅದು ದಪ್ಪಗಾಯಿತೇ ಹೊರತು ಮೇಲೇರಲಿಲ್ಲ. ಟಾನಿಕ್ಕಾಯಿತು, ತುಮಕೂರಿನ ಡಾಕ್ಟರಾಯಿತು. ಹನುಮಿ ಐದು ವರ್ಷಕ್ಕೂ ಎರಡರ ಮಗುವಿನಷ್ಟೇ ಉಳಿದಳು. ತೊದಲುತ್ತಾ, ಅವ್ವನ ಕಿವಿಯ ಹಾಲೆ ಹಿಡಿದೇ ಮಲಗುತ್ತಿದ್ದಳು.

ಹೆರಿಗೆ ಮಾಡಿಸಿ, ಮುನಿಸಿಕೊಂಡು ಹೋಗಿದ್ದ ಗಂಗಣ್ಣನ ತಾಯಿ ಚಿಕ್ಕಲಕ್ಷ್ಮಮ್ಮ ಆ ಬೇಸಿಗೆಯಲ್ಲಿ ಮಿಡಿಗೇಶಿಯಿಂದ ಬಂದಳು. ಹಿತ್ತಲಿಗೆ ಹೋದವಳು ಅಲ್ಲೇ ನಿಂತಳು.

"ಲೇ ಗಂಗ, ಈ ಗಿಡ ಯಾವನ್ಲಾ ನೆಟ್ಟೋನು?"

"ನಾನೇ ಕಣವ್ವ. ಅಲ್ಲೊಂದ್ಕಡೆ ಮೆತ್ತಗಿತ್ತು."

"ಮೆತ್ತಗಿರ್ದೆ ಏನ್ಲಾ! ನಾನೇ ಅಗೆದಿದ್ದು. ನಿನ್ ಮಗಳು ಹುಟ್ದಾಗ ಬಿದ್ದ ಮಾಸು ಹೂತಿರೋದು ಅಲ್ಲೇ. ಓದ್ದೋನಂತೆ, ಒಂದ್ಮಾತು ಕೇಳ್ಬಾರ್ದಾ?"

"ಕಿತ್ತಾಕ್ಬುಡಾನ?"

"ಸುಮ್ಕಿರು. ಬೇರು ಏನೇನ ತಬ್ಕಂಡೈತೋ."

ಗಂಗಣ್ಣ ನಕ್ಕ. ಅಶ್ವತ್ಥಮ್ಮ ನಗಲಿಲ್ಲ.

ಮುಂಗಾರು ಕಳೆಯುತ್ತಿದ್ದಂತೆ ಗಿಡದ ನಡುವಿನಿಂದ ಕಡುಹಸಿರಿನ ಚಿಗುರೊಂದು ನೆಟ್ಟಗೆ ಎದ್ದಿತು. ಉಳಿದ ಎಲೆಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಅವತ್ತೇ ಅಶ್ವತ್ಥಮ್ಮ ಹನುಮಿಯನ್ನು ಬಾಗಿಲಿಗೆ ನಿಲ್ಲಿಸಿದಳು. ಗೆರೆಗಿಂತ ಒಂದು ಬೆರಳು ಮೇಲೆ.

ಆ ವಾರವೇ ಪ್ರವಾಸಿ ಬಂಗಲೆಯ ಮಾಲಿ ಮೂಡಲಗಿರಿಯಪ್ಪ ಬಂದ. ಗಿಡ ನೋಡಿದವನೇ ಕತ್ತರಿ ತೆಗೆದ.

"ಇದನ್ನ ಕತ್ತರಿಸ್ಬೇಕು ಕಣಮ್ಮ. ಕುಳ್ಳ ಮಾಡಿದ ಗಿಡದಾಗೆ ಒಂದೊಂದ್ಸಲ ಹಳೇ ಜಾತಿ ಎದ್ದುಬತ್ತದೆ. ಬುಟ್ರೆ ಇದು ಮೇಲಕ್ಕೆ ಓಡ್ತದೆ, ಕೆಳಗಿನ ಕುಳ್ಳಿ ಒಣಗ್ತದೆ."

"ಒಣಗ್ಲಿ ಬುಡು."

"ನೀವು ಸಾಕಿದ್ದು ಕುಳ್ಳೀನ. ಇದು ಬ್ಯಾರೆ ಕಣಮ್ಮ."

"ಮೂಡ್ಲಣ್ಣ, ಕತ್ತರಿ ಒಳಗಿಡು ಅಂದೆ."

ಅವನು ಬೀಡಿ ಹಚ್ಚಿಕೊಂಡು ಹೊರಟುಹೋದ.

ಚಿಗುರು ಓಡಿತು. ಬಾಗಿಲ ಮೇಲಿನ ಗೆರೆಗಳೂ ಓಡಿದವು. ದೀಪಾವಳಿಗೆ ಹೊಲಿಸಿದ ಲಂಗ ಸಂಕ್ರಾಂತಿಗೆ ಮೊಣಕಾಲಿಗೆ ಬಂತು. ಗಂಗಣ್ಣ ಕಚೇರಿಯಲ್ಲಿ ಮೈಸೂರುಪಾಕು ಹಂಚಿದ. ತೊದಲು ಹೋಯಿತು. ಹನುಮಿ ಅವ್ವನ ಕಿವಿ ಹಿಡಿಯುವುದನ್ನು ಬಿಟ್ಟಳು. ಗೋಡೆಯ ಕಡೆ ತಿರುಗಿ, ಕೈಕಾಲು ನೀಟಾಗಿ ಚಾಚಿ ಮಲಗತೊಡಗಿದಳು. ಕರೆದರೆ ಬರುತ್ತಿದ್ದಳು, ಕೊಟ್ಟರೆ ಉಣ್ಣುತ್ತಿದ್ದಳು, ನೆಂಟರ ಮನೆಗೆ ಬಂದವರ ಹಾಗೆ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಸ್ವಲ್ಪ ನೀರು ಕೊಡ್ತೀರಾ?"

ಅಶ್ವತ್ಥಮ್ಮನ ಕೈಯ ಸೌಟು ಹಾಗೇ ನಿಂತಿತು.

ಯುಗಾದಿಯ ಮಧ್ಯಾಹ್ನ ಗೆರೆ ಎಳೆಯಲು ಅವಳು ಇದ್ದಿಲು ಹುಡುಕಲಿಲ್ಲ. ಚೊಂಬು ಹಿಡಿದು ಹಿತ್ತಲಿಗೆ ಹೋದಳು. ಹಸಿರು ಕಾಂಡ ಗೋಡೆ ದಾಟಿ ನಿಂತಿತ್ತು. ಅದರ ಬುಡದಲ್ಲಿ ಹೊಂಬಣ್ಣದ ಕುಳ್ಳಗಿಡ ಪೂರಾ ಕಂದಿ ಒಣಗಿತ್ತು, ಎರಡು ವರ್ಷದ ಮಗುವಿನ ಎತ್ತರಕ್ಕೆ. ಅವಳು ಬಗ್ಗಿ ಬುಡಕ್ಕೆ ನೀರು ಹೊಯ್ದಳು.

"ನೀರು ಯಾಕೆ ದಂಡ ಮಾಡ್ತೀರಿ?" ಹೊಸ್ತಿಲ ಮೇಲೆ ನಿಂತು ಜಡೆ ಹೆಣೆದುಕೊಳ್ಳುತ್ತಿದ್ದ ಹುಡುಗಿ ಕೇಳಿದಳು. "ಅದು ಸತ್ತಿದೆ."

ಅಶ್ವತ್ಥಮ್ಮ ಏಳಲು ಹೋದಳು, ಆಗಲಿಲ್ಲ. ಒಣಗಿದ ಕಡ್ಡಿಯೊಂದು ಅವಳ ಕಿವಿಯ ಹಾಲೆಗೆ ಸಿಕ್ಕಿಕೊಂಡಿತ್ತು.

ಅವಳು ಬಿಡಿಸಿಕೊಳ್ಳಲಿಲ್ಲ. ಅಲ್ಲೇ ಕೂತಳು.