ಗುಂಡಗುರ್ತಿಗೆ ಹೊರಟ ಡಬ್ಬಿ

ಶಹಾಬಾದಿನ ಹೊರವಲಯದ ಆ ಟ್ರಸ್ಟ್ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೈದರಾಬಾದಿನಿಂದ ಎದೆಯ ಸರ್ಜನ್ ಬರುತ್ತಾರೆ. ಕ್ಷಯ ತಿಂದು ಕೆಡಿಸಿದ ಶ್ವಾಸಕೋಶದ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಎರಡು ದಿನ ರೋಗಿಯನ್ನು ನೋಡಿಕೊಂಡು ರೈಲು ಹತ್ತುತ್ತಾರೆ. ತೆಗೆದ ತುಂಡು ಮಾತ್ರ ಲ್ಯಾಬಿನ ಶೈಲಶ್ರೀಯ ಪಾಲು. ಯಾರೂ ಜಗಳವಾಡಿ ಪಡೆಯುವಂಥ ಪಾಲಲ್ಲ ಬಿಡಿ. ಆದರೆ ಚಿತ್ತಾಪುರದ ಈ ಹೆಣ್ಣುಮಗಳಿಗೆ ಅದರ ಮೇಲೆ ಮದುವೆಮನೆಯ ಹೋಳಿಗೆಗಿಂತ ಹೆಚ್ಚು ಆಸೆ. ಲ್ಯಾಬಿನಲ್ಲಿ ಅದನ್ನು ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾಳೆ. ಅದರೊಳಗಿನ ಕ್ರಿಮಿಗಳನ್ನು ಬೆಳೆಸಿ ಯಾವ ಔಷಧಕ್ಕೆ ಸಾಯುತ್ತವೆ ಎಂದು ಪರೀಕ್ಷಿಸುತ್ತಾಳೆ.

ಆ ತಿಂಗಳ ಸರದಿ ಗುಂಡಗುರ್ತಿಯ ಗುರುಲಿಂಗಮ್ಮನದು. ಒಂದೂವರೆ ವರ್ಷ ಮಾತ್ರೆ ನುಂಗಿದ್ದಳು. ಕಫವನ್ನು ಮೂರು ಸಲ ಪರೀಕ್ಷಿಸಿದರೂ ಕ್ರಿಮಿ ಇಲ್ಲವೆಂದೇ ವರದಿ. ಹೀಗೆ ಕಾಗದದ ಮೇಲೆ ಗುಣವಾದ ಹೆಂಗಸು ಬಚ್ಚಲಲ್ಲಿ ನಿಂತು ರಕ್ತ ಕೆಮ್ಮುತ್ತಿದ್ದಳು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಲಿಂಬೆಹಣ್ಣಿನಷ್ಟು ಪೊಟರೆ ಬಿದ್ದಿತ್ತು. ಆ ಭಾಗ ತೆಗೆದು, ಇದ್ದ ಮಾತ್ರೆಗಳನ್ನೇ ಮುಂದುವರಿಸಿದರೆ ಸಾಕು ಎಂದು ಆಸ್ಪತ್ರೆಯ ಕ್ಷಯರೋಗದ ಡಾಕ್ಟರ್ ಶಾಂತಕುಮಾರ ಹೇಳಿದರು.

ಶೈಲಶ್ರೀಗೆ ಅದು ಒಪ್ಪಿಗೆಯಾಗಲಿಲ್ಲ. ಪೊಟರೆಯ ಬಾಯಿ ಕಟ್ಟಿಕೊಂಡಿದ್ದರೆ ಕ್ರಿಮಿ ಕಫದಲ್ಲಿ ಹೇಗೆ ಬಂದೀತು? ಒಳಗೇ ಬದುಕಿ, ಕೊಟ್ಟ ಔಷಧಗಳಿಗೇ ಪಳಗಿಬಿಟ್ಟಿದ್ದರೆ? ಹಾಗಾಗಿದ್ದರೆ ಅವೇ ಮಾತ್ರೆ ಕೊಡುವುದೂ ಒಂದೇ, ನೀರು ಕುಡಿಸುವುದೂ ಒಂದೇ. ರೋಗ ಬಲಗಡೆಗೂ ದಾಟುತ್ತದೆ, ಗುರುಲಿಂಗಮ್ಮ ಉಳಿಯುವುದಿಲ್ಲ. ತೆಗೆದ ತುಂಡಿನಿಂದ ಜೀವಂತ ಕ್ರಿಮಿ ಬೆಳೆಸಿ ನೋಡದೆ ಇದು ತಿಳಿಯುವಂತಿರಲಿಲ್ಲ.

ಒಪ್ಪಿಗೆಯ ಸಹಿಗೆಂದು ಶೈಲಶ್ರೀ ವಾರ್ಡಿಗೆ ಹೋದಳು.

“ತಗೊಂಡು ಏನ್ ಮಾಡ್ತೀ ಯವ್ವಾ?” ಎಂದಳು ಗುರುಲಿಂಗಮ್ಮ.

“ಅದರಾಗ ಕ್ರಿಮಿ ಜೀವಂತ ಅದಾವೋ, ಸತ್ತಾವೋ ನೋಡ್ತೀನ್ರಿ. ಆಮ್ಯಾಲ ಅದನ್ನ ಸುಟ್ಟುಬಿಡ್ತಾರ.”

ಮಲಗಿದ್ದವಳು ಎದ್ದೇ ಕುಂತಳು. “ಸುಡೂದಾ? ನಮ್ಮ ಮನ್ಯಾಗ ಇವತ್ತಿನ ತನಕ ಯಾರನ್ನೂ ಸುಟ್ಟಿಲ್ಲ ತಂಗಿ. ಕುಂದರಿಸಿ ಮಣ್ಣು ಕೊಡ್ತೀವಿ. ನಾ ಅರ್ಧಾ ಬೆಂಕಿಗಿ, ಅರ್ಧಾ ಮಣ್ಣಿಗಿ ಹೋಗ್ಬೇಕೇನು?”

ಶೈಲಶ್ರೀಯ ಮನೆಯದೂ ಅದೇ ಪದ್ಧತಿ. ತನ್ನ ಅಜ್ಜನನ್ನು ಪದ್ಮಾಸನದಲ್ಲಿ ಕೂರಿಸಿ ಮಣ್ಣು ಕೊಟ್ಟದ್ದನ್ನು ಕಣ್ಣಾರೆ ಕಂಡವಳು. “ಆಯ್ತ್ರಿ, ಮಣ್ಣೇ ಕೊಡೋಣ” ಎಂದಳು. ಸಹಿ ಬಿತ್ತು. ಮೂಲೆಯಲ್ಲಿ ಕುಂತಿದ್ದ ಗಂಡ ಅಮೃತಪ್ಪ ಎಲ್ಲ ಕೇಳಿಸಿಕೊಂಡ. ಯಾವಾಗ ಕೊಡೋಣ, ಯಾವ ತುಂಡು ಕೊಡೋಣ ಎಂಬ ಮಾತನ್ನು ನಮ್ಮ ಜಾಣೆ ಆಡಲೇ ಇಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ತೆಗೆದ ಭಾಗವನ್ನು ಟ್ರೇಯಲ್ಲಿಟ್ಟು ಮನೆಯವರಿಗೆ ತೋರಿಸುವುದು ಅಲ್ಲಿನ ರೂಢಿ. ತೋರಿಸಿದ ಮೇಲೆ ಅರ್ಧವನ್ನು ಫಾರ್ಮಲಿನ್ನಿಗೆ, ಅರ್ಧವನ್ನು ಉಪ್ಪುನೀರಿನ ಡಬ್ಬಿಗೆ ಹಾಕಿಡು ಎಂದು ಶೈಲಶ್ರೀ ಥಿಯೇಟರಿನ ಸಹಾಯಕ ಚನ್ನುವಿಗೆ ಹೇಳಿದ್ದಳು. ಫಾರ್ಮಲಿನ್ ತುಂಡನ್ನು ಕೊಳೆಯದಂತೆ ಇಡುತ್ತದೆ, ಆದರೆ ಅದರಲ್ಲಿನ ಕ್ರಿಮಿಯನ್ನೆಲ್ಲ ಕೊಂದುಬಿಡುತ್ತದೆ. ಬೆಳೆಸಬೇಕಾದದ್ದು ಉಪ್ಪುನೀರಿನದು. ಅವಳು ಬಂದು ನೋಡಿದರೆ ಮೇಜಿನ ಮೇಲೆ ಇದ್ದದ್ದು ಫಾರ್ಮಲಿನ್ ಬಾಟಲಿ ಮಾತ್ರ.

“ಇನ್ನರ್ಧ ಎಲ್ಲಿ ಚನ್ನು?”

“ಅಮೃತಪ್ಪ ಒಯ್ದ್ರಲ್ರಿ, ಮಣ್ಣು ಕೊಡಾಕ. ನೀವೇ ಹೂಂ ಅಂದೀರಂತ!” ಚನ್ನು ತಲೆ ಕೆರೆದುಕೊಂಡ. “ಫಾರ್ಮಲಿನ್‌ದು ಕೊಡ್ತೀನಿ ಅಂದೆ. ಔಷಧ ಕುಡದದ್ದು ಮಣ್ಣಾಗಂಗಿಲ್ಲ, ನನಗ ಹಸಿದೇ ಬೇಕು ಅಂದ್ರು. ಮುದಿ ಜೀವ, ಕೈ ಮುಗದ್ರು. ಮುಚ್ಚಳಕ್ಕ ಟೇಪ್ ಸುತ್ತಿ ಕೊಟ್ಟೀನ್ರಿ.”

ಶೈಲಶ್ರೀ ಚನ್ನುವನ್ನು ಬೈದಳು, ಅದಕ್ಕಿಂತ ಹೆಚ್ಚು ತನ್ನನ್ನೇ ಬೈದುಕೊಂಡಳು. ಜೀವಂತ ಕ್ರಿಮಿ ಇರಬಹುದಾದ ಡಬ್ಬಿ ಊರಿನ ದಾರಿ ಹಿಡಿದಿತ್ತು! ಅಮೃತಪ್ಪನ ಮೊಬೈಲಿಗೆ ಹಚ್ಚಿದರೆ ವಾರ್ಡಿನಲ್ಲಿದ್ದ ಮಗಳು ಎತ್ತಿದಳು. ಅಪ್ಪ ಫೋನು ತನ್ನ ಹತ್ತಿರವೇ ಬಿಟ್ಟು ವಾಡಿಗೆ ಹೋದ, ಅಲ್ಲಿಂದ ಚಿತ್ತಾಪುರದ ರೈಲು ಹಿಡಿಯುತ್ತಾನೆ, ಊರಲ್ಲಿ ಕಾಶೀನಾಥ ಕಾಕಾ ಹೊಲದಾಗ ಕುಣಿ ತೋಡಿ, ಮಣ್ಣಿನ ಪೂಜೆಗೆ ಅಯ್ಯನವರನ್ನು ಕರೆಸಿದ್ದಾನೆ ಎಂದಳು. ಶೈಲಶ್ರೀ ಮಾಸ್ಕು, ಕೈಗವಸು, ಐಸ್ ಪೆಟ್ಟಿಗೆ ಎತ್ತಿಕೊಂಡು ಚನ್ನುವಿನ ಬೈಕಿನ ಹಿಂದೆ ಹತ್ತಿದಳು. ಸಿಮೆಂಟ್ ಲಾರಿಗಳ ಧೂಳು ಕುಡಿಯುತ್ತ ವಾಡಿ ಮುಟ್ಟುವ ಹೊತ್ತಿಗೆ ಚಿತ್ತಾಪುರದ ಕಡೆಗೆ ಹೋಗುವ ರೈಲು ಬರುತ್ತಿದೆ ಎಂದು ಮೈಕಿನಲ್ಲಿ ಸಾರುತ್ತಿದ್ದರು.

ಅಮೃತಪ್ಪ ಪ್ಲಾಟ್‌ಫಾರ್ಮಿನ ಕೊನೆಯಲ್ಲಿದ್ದ. ಬೆಂಚು ಖಾಲಿಯಿದ್ದರೂ ನಿಂತೇ ಇದ್ದ. ಮಣ್ಣಿಗೆ ಹೊರಟದ್ದನ್ನು ನಡುದಾರಿಯಲ್ಲಿ ಇಳಿಸಬಾರದಲ್ಲ! ಎರಡೂ ಕೈಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಮೂರೆಳೆ ವಿಭೂತಿ.

“ಅಮೃತಪ್ಪಾರ, ಆ ಡಬ್ಬಿ ನನಗ ವಾಪಸ್ ಬೇಕ್ರಿ.”

“ಹೊಂಟದ್ದನ್ನ ತಿರುಗಿ ಒಯ್ಯಬಾರ್ದು ಮೇಡಮ್ಮಾರ. ನೀವು ಮಾತು ಕೊಟ್ಟೀರಿ.”

“ಕೊಟ್ಟೀನಿ, ಖರೆ. ಪರೀಕ್ಷಾ ಆದ ಮ್ಯಾಲ ಅಂತ ಹೇಳೂದು ಬಿಟ್ಟೆ, ಅದು ನನ್ನ ತಪ್ಪು.”

“ಅಲ್ಲಿ ಅಯ್ಯನವರು ಉಪಾಸ ಕುಂತಾರ. ನಾನೂ ನೀರು ಕುಡದಿಲ್ಲ. ಬದಿಗಿ ಸರೀರಿ.”

ರೈಲು ಕೂಗುತ್ತ ಒಳಬಂತು. ಬೋಗಿಗಳ ಸದ್ದಿನಲ್ಲಿ ಶ್ವಾಸಕೋಶ, ಔಷಧ, ವರದಿ ಎಂದು ಪಾಠ ಹೇಳುತ್ತ ಕೂತರೆ ಯಾರು ಕೇಳಿಯಾರು? ಅಮೃತಪ್ಪ ಬಾಗಿಲಿನತ್ತ ಹೆಜ್ಜೆ ಹಾಕಿಯೇಬಿಟ್ಟ. ಶೈಲಶ್ರೀ ಅಡ್ಡ ನಿಂತು ಕೂಗಿದಳು.

“ಜೀವ ಇದ್ದದ್ದಕ್ಕ ಮಣ್ಣು ಕೊಡೂದು ಯಾವ ಪದ್ಧತೀರಿ?”

ಅವನ ಕಾಲು ನಿಂತಿತು. “ಏನಂದ್ರಿ?”

“ಇದರಾಗ ಇನ್ನಾ ಜೀವ ಅದ. ನಿಮ್ಮ ಹೆಂಡ್ತೀನ್ನ ತಿನ್ನಾಕತ್ತಿದ್ದವು ಇದರಾಗ ಬದುಕ್ಯಾವ. ಇವುಗಳ ಮಂದಿ ಆಕಿ ಎದ್ಯಾಗ ಇನ್ನಾ ಒಂದೆರಡು ಉಳದಿದ್ರೂ ಆಕಿನ್ನ ಬಿಡಂಗಿಲ್ಲ. ಯಾವುದಕ್ಕ ಸಾಯ್ತಾವ ಅಂತ ನಾ ನೋಡಬೇಕು. ಮದಲ ಇವು ಸಾಯಲಿ, ಆಮ್ಯಾಲ ನಾನೇ ನಿಂತು ಮಣ್ಣು ಕೊಡಸ್ತೀನಿ.”

ಅಮೃತಪ್ಪ ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ. ರೈಲು ಅವನನ್ನು ಬಿಟ್ಟು ಹೊರಟಿತು.

“ಜೀವ ಅದಂದ್ರ ಹೆಂಗ ಹುಗೀಲಿ?” ಎಂದು ಡಬ್ಬಿ ನೀಡಿದ. “ನನ್ನ ಹೆಂಡ್ತಿ ಉಳೀಬೇಕ್ ನೋಡ್ರಿ. ಅಷ್ಟ ನಂದು.”

ಆ ಮಧ್ಯಾಹ್ನವೇ ಶೈಲಶ್ರೀ ತುಂಡನ್ನು ಅರೆದು, ಗಾಜಿನ ನಳಿಕೆಗಳಲ್ಲಿನ ಹಸಿರು ಆಹಾರದ ಮೇಲೆ ಬಿತ್ತಿದಳು. ಕ್ಷಯದ ಕ್ರಿಮಿಗೆ ಅವಸರವೆಂಬುದೇ ಇಲ್ಲ. ಒಂದು ವಾರ, ಎರಡು ವಾರ, ಮೂರು ವಾರ. “ಕಲ್ಲಿನ್ಯಾಗ ಎಣ್ಣಿ ಹಿಂಡಾಕತ್ತೀ ನೀ” ಎಂದು ಶಾಂತಕುಮಾರ ನಕ್ಕರು. ನಾಲ್ಕನೆಯ ವಾರ ಅವರ ನಗು ನಿಂತಿತು. ಗುರುಲಿಂಗಮ್ಮನ ಎಕ್ಸ್‌ರೇಯಲ್ಲಿ ಬಲಗಡೆ ಹೆಬ್ಬೆರಳಿನಷ್ಟು ಮಬ್ಬು ಕಾಣಿಸಿತ್ತು, ಜ್ವರ ಮರಳಿತ್ತು. ಶೈಲಶ್ರೀಗೆ ಅನ್ನ ಸೇರಲಿಲ್ಲ. ದಿನಕ್ಕೆ ಹತ್ತು ಸಲ ನಳಿಕೆ ಎತ್ತಿ ಬೆಳಕಿಗೆ ಹಿಡಿಯುವಳು. ಹಾಗೆ ನೋಡಿದರೆ ಬೆಳೆ ಬೇಗ ಬರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಐದನೆಯ ವಾರದ ಸೋಮವಾರ, ಹಸಿರಿನ ಮೇಲೆ ಜೋಳದ ನುಚ್ಚು ಉದುರಿಸಿದಂತೆ ಒರಟು ಒರಟಾಗಿ ಮೂರು ಕಾಳು ಎದ್ದಿದ್ದವು. ರೋಗದ ಕ್ರಿಮಿ ಕಂಡು ಹೀಗೆ ಕುಣಿದವರನ್ನು ಆ ಲ್ಯಾಬು ಅದುವರೆಗೆ ನೋಡಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಗುಟ್ಟು ಹೊರಬಿತ್ತು. ಗುರುಲಿಂಗಮ್ಮ ನುಂಗುತ್ತಿದ್ದ ಐದು ಔಷಧಗಳಲ್ಲಿ ಮೂರಕ್ಕೆ ಆ ಕ್ರಿಮಿಗಳು ಸೊಪ್ಪು ಹಾಕಿರಲಿಲ್ಲ. ಆಕೆಗೆ ಒಮ್ಮೆಯೂ ಕೊಡದ ಎರಡು ಔಷಧ ತಾಗಿದೊಡನೆ ಮಾತ್ರ ನೆಲ ಕಚ್ಚಿದವು.

ಶಾಂತಕುಮಾರ ವರದಿಯನ್ನು ಎರಡು ಸಲ ಓದಿದರು. ಹಳೆಯ ಚೀಟಿಯನ್ನು ಹೊಡೆದುಹಾಕಿ ಹೊಸದು ಬರೆದರು. “ತಪ್ಪು ನಂದು ಶೈಲಶ್ರೀ. ನೀ ವಾಡಿಗಿ ಓಡಿರಲಿಲ್ಲ ಅಂದ್ರ ಈ ಹೆಣ್ಮಗಳು ನಮ್ಮ ಕೈಯಿಂದನ ಹೋಗ್ತಿದ್ಲು” ಎಂದರು. ದೊಡ್ಡವರು ಹೀಗೆ ಒಪ್ಪಿಕೊಳ್ಳುವುದು ಗುಂಡಗುರ್ತಿಯಲ್ಲಿ ಹಿಮ ಬಿದ್ದಷ್ಟೇ ಅಪರೂಪ. ಶೈಲಶ್ರೀ ಆ ಮಾತನ್ನು ಮನಸಾರೆ ಸವಿದಳು, ಸುಳ್ಳೇಕೆ ಹೇಳಲಿ.

ಒತ್ತಡದ ಉಗಿಯಲ್ಲಿ ಬೇಯಿಸಿ ಕ್ರಿಮಿಯನ್ನೆಲ್ಲ ಕೊಂದ ಮೇಲೆ, ಉಳಿದ ಚೂರನ್ನು ಆಸ್ಪತ್ರೆಯ ಒಪ್ಪಿಗೆ ಪಡೆದು ಗುಂಡಗುರ್ತಿಗೆ ಒಯ್ದರು. ಆ ದಿನ ಶೈಲಶ್ರೀಯೂ ಒಂದು ಹಿಡಿ ಮಣ್ಣು ಹಾಕಿದಳು. ಹೊಸ ಔಷಧ ಶುರುವಾಗಿ ಮೂರು ತಿಂಗಳಿಗೆ ಬಲಗಡೆಯ ಮಬ್ಬು ಅಳಿಯಿತು. ಒಂಬತ್ತು ತಿಂಗಳಿಗೆ ಗುರುಲಿಂಗಮ್ಮನ ತೂಕ ಹನ್ನೊಂದು ಕಿಲೋ ಏರಿತು.

ಮಾತ್ರೆ ಮುಗಿದ ದಿನ ಆಕೆ ಮೂರನೆಯ ಅಂತಸ್ತಿನ ಲ್ಯಾಬಿಗೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಬಂದಳು.

“ನನ್ನ ತಿಂದವ್ರ ಮಾರಿ ತೋರಿಸು ತಂಗಿ. ನೋಡೇ ಹೋಗ್ತೀನಿ.”

ಶೈಲಶ್ರೀ ಆಕೆಯದೇ ತುಂಡಿನ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೀಲಿಯ ನಡುವೆ ಕೆಂಪು ಕೆಂಪು ಸಣ್ಣ ಕಡ್ಡಿಗಳು, ಎಲ್ಲವೂ ಸತ್ತವು. ಗುರುಲಿಂಗಮ್ಮ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ಇವೇನಾ? ಇಷ್ಟ ಸಣ್ಣವಾ?” ಎಂದು ತಲೆ ಎತ್ತಿದಳು. “ಇವಕ್ಕಾ ನಾ ಎರಡೂವರೆ ವರ್ಷ ಹೆದರಿ ಸತ್ತಿದ್ದು?”

ಗಹಗಹಿಸಿ ನಕ್ಕಳು. ನಗುತ್ತಲೇ ಕಿಟಕಿಗೆ ಹೋಗಿ ಕೆಳಗಿನ ಅಂಗಳಕ್ಕೆ ಕೂಗು ಹಾಕಿದಳು. “ಏನ್ರೀ, ಜಲ್ದಿ ಮ್ಯಾಲ ಬರ್ರಿ! ಬಂದು ನೋಡ್ರಿ ಇವ್ರ ಅವಸ್ಥಿ!”

ಗೇಟಿನ ಆಚೆಗಿನ ರಿಕ್ಷಾದವನೂ ತಿರುಗಿ ನೋಡಿದ. ಅಷ್ಟು ಕೂಗಿದರೂ ಆಕೆಗೆ ಕೆಮ್ಮು ಬರಲಿಲ್ಲ. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಅಮೃತಪ್ಪ ಆ ದನಿ ಕೇಳಿ ಎರಡು ವರ್ಷದ ಮೇಲಾಗಿತ್ತು. ಚಹಾದ ಗ್ಲಾಸನ್ನು ಅಲ್ಲೇ ಬಿಟ್ಟು, ಕಣ್ಣು ಒರೆಸಿಕೊಳ್ಳುತ್ತ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ.