ಮೂಗುಬೊಟ್ಟಿನ ಮಿಲ್ಲು

"ನಾನೇ ಅರೆದ ಚಿನ್ನದಲ್ಲಿ ನಿಂಗೊಂದು ಮೂಗುಬೊಟ್ಟು ಮಾಡಿಸ್ತೀನಿ, ಅಳಬೇಡ ಕಣೇ ಪದ್ಮಾ" ಎಂದು ಅಪ್ಪ ಮಾತು ಕೊಟ್ಟಾಗ ನನಗೆ ಏಳು ವರ್ಷ. ಆಗಷ್ಟೇ ಮೂಗು ಚುಚ್ಚಿಸಿಕೊಂಡು ಗಣಿ ಕಾರ್ಮಿಕರ ಮನೆಗಳ ಇಡೀ ಲೈನಿಗೆ ಕೇಳುವ ಹಾಗೆ ಅಳುತ್ತಿದ್ದೆ. ಕೆಜಿಎಫ್ ಗಣಿಯ ಮಿಲ್ಲಿನಲ್ಲಿ ಅದಿರು ಅರೆಯುವುದು ಅಪ್ಪನ ಕೆಲಸ. ಗಣಿ ಮುಚ್ಚುವವರೆಗೆ ಇಪ್ಪತ್ತೆಂಟು ವರ್ಷ ಅರೆದ. ದಿನವೂ ಗೇಟಿನಲ್ಲಿ ತಪಾಸಣೆ. ಉಗುರಿನ ಸಂದಿಯಲ್ಲಿ ಕೂಡ ಒಂದು ಕಣ ಮನೆಗೆ ಬರಲಿಲ್ಲ. ನಾನೂ ಅವನ ಮಗಳೇ. ಮದುವೆಯಲ್ಲಿ ಎಲ್ಲರೂ ಬೈದರೂ, ಅಪ್ಪನ ಚಿನ್ನ ಬರುವವರೆಗೆ ಎಂದು, ಚುಚ್ಚಿಸಿದಾಗ ಹಾಕಿದ್ದ ಬೆಳ್ಳಿ ಬೊಟ್ಟನ್ನು ತೆಗೆಯಲಿಲ್ಲ.

ಈಗ ಅಪ್ಪ ದಿಲ್ಲಿಯ ರೋಹಿಣಿಯಲ್ಲಿ ನಮ್ಮ ಜೊತೆಗಿದ್ದಾನೆ. ಎಪ್ಪತ್ತೊಂದು ವರ್ಷ. ಹಿಂದಿ ಬಾರದು, ಮಿಲ್ಲಿನ ಸದ್ದಿಗೆ ಕಿವಿ ಮುಕ್ಕಾಲು ಹೋಗಿದೆ. ಆದರೂ ಮೂರೇ ವಾರದಲ್ಲಿ ಪಾರ್ಕಿನ ಇಸ್ಪೀಟು ಗುಂಪಿನಲ್ಲಿ ಇವನಿಲ್ಲದೆ ಎಲೆ ಹಂಚುವುದಿಲ್ಲ ಎನ್ನುವಂತಾಯಿತು. ಅಲ್ಲಿ ಸಿಕ್ಕವರು ಮಾರ್ಕೆಟ್ಟಿನ ಅಕ್ಕಸಾಲಿಗ ಜೋಗಿಂದರ್ ಭಯ್ಯಾ. ಅವರ ಅಂಗಡಿಯ ಮೂಲೆಯಲ್ಲಿ ಒಡೆದ ಮೂಸೆಗಳನ್ನು ಕಂಡು ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಚಿನ್ನ ಕರಗಿಸಿ ಕರಗಿಸಿ ಸವೆದ ಮೂಸೆಯ ಗೋಡೆಯೊಳಗೆ ಹನಿ ಚಿನ್ನ ಸಿಕ್ಕಿಕೊಂಡಿರುತ್ತದೆ. ಹಿಟ್ಟಿನಷ್ಟು ನುಣ್ಣಗೆ ಅರೆದರೆ ಮಾತ್ರ ಬಿಡುತ್ತದೆ.

ಜೋಗಿಂದರ್ ಏಳು ಮೂಸೆ ಕೊಟ್ಟರು. "ಅರೆದು ತೆಗೀರಿ ಅಂಕಲ್‌ಜೀ, ಬಂದದ್ದರಲ್ಲಿ ಅರ್ಧ ನಿಮ್ಮದು. ಭಾನುವಾರ ಸಂಜೆಯೊಳಗೆ ಆಗದಿದ್ರೆ ವಾಪಸ್. ವರ್ಷವರ್ಷವೂ ಒಡೆದ ಮೂಸೆ ಕೊಂಡೊಯ್ಯೋನು ಸೋಮವಾರ ಬರ್ತಾನೆ."

ನನ್ನ ಮಗಳು ಸ್ಫೂರ್ತಿ ಇದನ್ನು ಕನ್ನಡಕ್ಕೆ ತಿರುಗಿಸಿ ಅಪ್ಪನ ಕಿವಿಯಲ್ಲಿ ಕೂಗಿದಾಗ ಅವನು ನನ್ನ ಮೂಗಿನ ಕಡೆ ನೋಡಿದ.

ಮಾಯಾಪುರಿ ಗುಜರಿಯಿಂದ ಒಂದೂವರೆ ಅಡಿಯ ದಪ್ಪ ಕಬ್ಬಿಣದ ಪೈಪು, ಲಾರಿ ಬೇರಿಂಗಿನ ಉಕ್ಕಿನ ಗುಂಡುಗಳು, ಸತ್ತ ವಾಷಿಂಗ್ ಮಷೀನಿನ ಬದುಕಿದ್ದ ಮೋಟಾರು ಬಂದವು. ಪೈಪಿನ ಎರಡೂ ಬಾಯಿ ಮುಚ್ಚಿಸಿ, ಎರಡು ರೋಲರ್‌ಗಳ ಮೇಲೆ ಮಲಗಿಸಿ, ಬೆಲ್ಟು ಹಾಕಿದೆವು. ಪೈಪು ಉರುಳಿದರೆ ಒಳಗಿನ ಗುಂಡುಗಳು ಮೇಲೇರಿ ಬಿದ್ದು ಮೂಸೆಯ ಚೂರುಗಳನ್ನು ಜಜ್ಜಬೇಕು. ಬೆಲ್ಟು ಬಿಗಿ ಮಾಡಿದವಳು ನಾನೇ. ಓಖ್ಲಾದ ಪ್ರೆಸ್ಸಿನಲ್ಲಿ ಹದಿನೈದು ವರ್ಷದಿಂದ ಯಂತ್ರಗಳ ಜೊತೆಗೇ ನನ್ನ ಸಂಸಾರ.

ಭಾನುವಾರ ಬೆಳಗ್ಗೆ ಟೆರೇಸಿನ ಮೇಲೆ ಸ್ವಿಚ್ ಹಾಕಿದೆವು. ಗುಡುಗು! ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಅಪ್ಪ ಉಳಿದ ಕಾಲು ಕಿವಿಯಲ್ಲೇ ಕೇಳಿ, ಸಂಗೀತ ಕಛೇರಿಗೆ ಬಂದವನಂತೆ ತಲೆದೂಗಿದ. ಹತ್ತು ನಿಮಿಷದಲ್ಲಿ ಕೆಳಗಿನ ಮನೆಯ ಕಪೂರ್ ಆಂಟಿಯ ಫೋನು: "ಪದ್ಮಾಜೀ, ಇಡ್ಲಿ ಹಿಟ್ಟು ಇನ್ನೂ ಎಷ್ಟು ಹೊತ್ತು ರುಬ್ಬೋದು?"

ವಾರಕ್ಕೊಂದು ರಜೆ, ಮೈಕೈ ನೋವು, ಮೇಲೆ ಈ ಮುಜುಗರ. ಅಪ್ಪ ಸ್ನಾನಕ್ಕೆ ಇಳಿದಾಗ ನಾನು ಬೆಲ್ಟನ್ನು ಮೋಟಾರಿನ ಸಣ್ಣ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಏರಿಸಿದೆ. ವೇಗ ಹೆಚ್ಚಿತು, ಗುಡುಗು ನಿಂತಿತು. ಬರೀ ಗುಂಯ್ ಎನ್ನುವ ಸದ್ದು. ಪ್ರೆಸ್ಸಿನಲ್ಲಿ ಗಲಾಟೆಯಿಲ್ಲದೆ ಓಡುವ ಯಂತ್ರವೇ ಒಳ್ಳೆಯ ಯಂತ್ರ. ಬೇಗನೂ ಆಗುತ್ತದೆ, ಆಂಟಿಗೂ ನೆಮ್ಮದಿ ಎಂದುಕೊಂಡು ಗೋಡೆಗೊರಗಿ ಕಣ್ಣು ಮುಚ್ಚಿದೆ.

ಮಧ್ಯಾಹ್ನ ನಾನು ಮಿಲ್ಲು ನಿಲ್ಲಿಸಿದ ಮೇಲೆ ಅಪ್ಪ ಊಟ ಮುಗಿಸಿ ಹತ್ತಿ ಬಂದ. ಮುಚ್ಚಳ ಬಿಚ್ಚಿದರೆ ಮೂಸೆಯ ಚೂರುಗಳು ಹಾಕಿದಂತೆಯೇ ಇದ್ದವು. ಅಪ್ಪ ಒಂದು ಚೂರನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಕೆಲಸ ಮರೆತುಹೋಯ್ತು ನಂಗೆ. ಗುಂಡಿನ ಲೆಕ್ಕ ತಪ್ಪಿರಬೇಕು. ಮೂಸೆ ವಾಪಸ್ ಕೊಟ್ಬಿಡೋಣ, ಮಗಾ."

ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಹತ್ತಿರ ಹೋಗಿ ಕಿವಿಗೆ ಕೂಗಿದೆ. "ಅಪ್ಪಾ, ನಿಂದಲ್ಲ ತಪ್ಪು! ಸದ್ದು ಜಾಸ್ತಿ ಅಂತ ನಾನೇ ಪುಲ್ಲಿ ಬದಲಾಯಿಸ್ದೆ!"

ಅಪ್ಪ ನನ್ನನ್ನು ನೋಡಿದ. ಪುಲ್ಲಿಯನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದಲ್ಲಿದ್ದ ನೀರಿನ ಬಕೆಟ್ಟನ್ನು ಎತ್ತಿ ತಲೆಯ ಮೇಲಿಂದ ಗಿರಗಿರನೆ ತಿರುಗಿಸಿದ. ಒಂದು ಹನಿಯೂ ಬೀಳಲಿಲ್ಲ.

"ನೋಡು, ಜೋರಾಗಿ ತಿರುಗಿಸಿದ್ರೆ ನೀರು ಬೀಳುತ್ತಾ? ಗುಂಡೂ ಹಂಗೇ, ಗೋಡೆಗೆ ಅಂಟ್ಕೊಂಡು ಜಾತ್ರೆ ತೊಟ್ಟಿಲಲ್ಲಿ ಕೂತಂಗೆ ಸುತ್ತುತ್ತೆ. ಬಿದ್ರೆ ತಾನೆ ಜಜ್ಜೋದು! ಸದ್ದಿಲ್ಲ ಅಂದ್ರೆ ಮಿಲ್ಲು ಮಲಗಿದೆ ಅಂತ, ದಡ್ಡಿ."

"ಅರೇ ತಾತಾ, ಇದು ನಮ್ಮ ಫಿಸಿಕ್ಸ್ ಚಾಪ್ಟರ್!" ಎಂದು ಸ್ಫೂರ್ತಿ ಕುಣಿದಳು. "ಮಮ್ಮಾ ಫೇಲ್!"

ಸಣ್ಣ ಪುಲ್ಲಿಗೆ ಬೆಲ್ಟು ಇಳಿಯಿತು. ಮತ್ತೆ ಗುಡುಗು. ಈ ಸಲ ಕಪೂರ್ ಆಂಟಿ ಮೆಟ್ಟಿಲು ಹತ್ತಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಇಡ್ಲಿ ಅಲ್ಲ ಆಂಟಿ" ಎಂದೆ. "ಮೂಗುಬೊಟ್ಟು ರುಬ್ತಾ ಇದ್ದೀವಿ."

ನಂಬದೆ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಎದ್ದು ಹೋಗಲೇ ಇಲ್ಲ. ನಡುವೆ ನಾಲ್ಕು ಸಲ ಚಹಾ ತರಿಸಿದರು.

ನೀರು ಬೆರೆಸಿ ಅರೆದದ್ದು ಐದು ಗಂಟೆಗೆ ಬೂದು ಬಣ್ಣದ ಗಂಜಿಯಾಗಿತ್ತು. ಅಪ್ಪ ಅದನ್ನು ಅಗಲ ಬಾಣಲಿಗೆ ಸುರಿದು, ನೀರು ಬಿಟ್ಟು, ಮಣಿಕಟ್ಟು ಮಾತ್ರ ಅಲ್ಲಾಡಿಸುತ್ತ ತೊಳೆಯತೊಡಗಿದ. ಮೂಸೆಯ ಪುಡಿ ಹಗುರ, ಹರಿದು ಹೋಯಿತು. ಹಾಗೆ ಎಷ್ಟೋ ಸಲ. ಜೋಗಿಂದರ್ ಬಂದು ಸುಮ್ಮನೆ ಹಿಂದೆ ನಿಂತಿದ್ದರು. ಕೊನೆಗೆ ಬಾಣಲಿಯ ಅಂಚಿನಲ್ಲಿ ಹಳದಿಯ ಸಣ್ಣ ಗೆರೆ ಉಳಿಯಿತು, ಹುಬ್ಬಿನ ಕೂದಲಿನಷ್ಟು.

"ವಾಹ್ ಉಸ್ತಾದ್!" ಎಂದರು ಜೋಗಿಂದರ್. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅಂಗಡಿಯಲ್ಲಿ ಅವರು ಕಲ್ಮಷ ಬಿಡಿಸಲು ಬಿಳಿಗಾರ ಹಾಕಿ ಕರಗಿಸಿದಾಗ ಅದು ಸಾಸಿವೆಗಿಂತ ಸ್ವಲ್ಪ ದಪ್ಪದ ಗುಂಡಾಯಿತು. ಅರ್ಧ ಅವರದು. ಉಳಿದರ್ಧದಲ್ಲಿ ಕಲ್ಲಿಲ್ಲದ ಪುಟ್ಟ ಬೊಟ್ಟು ಮಾಡಲು ವಾರ ಹಿಡಿಯಿತು. ಕಪೂರ್ ಆಂಟಿ ನನಗಿಂತ ಮೊದಲೇ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದರು.

ಅಪ್ಪನೇ ಇಡುತ್ತೇನೆಂದು ಹಟ ಹಿಡಿದ. ಬೆಳ್ಳಿಯದು ತೆಗೆಯುವಾಗ ನೋವಾಗಿ ನಾನು "ಆ!" ಎಂದೆ.

"ಅಳಬೇಡ ಕಣೇ" ಎಂದ.

ಮೂವತ್ತನಾಲ್ಕು ವರ್ಷದ ಮೇಲೆ ಅಪ್ಪ ಕೊಟ್ಟ ಮಾತು ನಡೆಸಿದ.